ತೋಟದ ಮನೆ ಅಜ್ಜಿ ಸಾವು: ಮಣ್ಣಾದ ಮೇಲೂ ದೂರು ಕೊಡಬಹುದಾ?

ಗುಬ್ಬಿ ಹುಡುಗಿ:
ನಮ್ಮದು ಗುಬ್ಬಿ ತಾಲ್ಲೂಕು, ಊರ ಹೆಸರು ಬೇಡ. ಪಕ್ಕದ ತೋಟದ ಮನೇಲಿ ಒಬ್ಬರೇ ಇದ್ದ ಅಜ್ಜಿ ಹೋದ ತಿಂಗಳು ತೀರಿಕೊಂಡರು. ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ ಅಂತ ಸಂಬಂಧಿಕರೊಬ್ಬರು ಬೆಳಿಗ್ಗೆ ಬಂದು ಕೂಗಿದರು, ಮಧ್ಯಾಹ್ನಕ್ಕೆ ಮಣ್ಣು ಮಾಡಿದ್ದೂ ಆಯ್ತು. ಬೆಂಗಳೂರಿಂದ ಮಗಳು ಬರೋ ಹೊತ್ತಿಗೆ ಗುಂಡಿ ಮುಚ್ಚುತ್ತಿದ್ದರು.

ಮೈ ತೊಳೆದವರಲ್ಲಿ ನಮ್ಮಮ್ಮನೂ ಒಬ್ಬಳು. ಆವತ್ತಿಂದ ಸರಿಯಾಗಿ ಊಟ ಮಾಡ್ತಿರಲಿಲ್ಲ, ಮೊನ್ನೆ ಬಾಯಿ ಬಿಟ್ಟಳು. ಎರಡೂ ರಟ್ಟೆಯ ಒಳಗಡೆ ಬೆರಳು ಊರಿದ ಹಾಗೆ ಗುರುತಿತ್ತಂತೆ. ಎಡಗಿವಿಯ ತೂತು ಕೆಳಗಿನವರೆಗೂ ಹರಿದಿತ್ತಂತೆ. ಓಲೆ ಇಲ್ಲ. ಅಜ್ಜಿ ಆ ಓಲೆ ಬಿಚ್ಚಿದ್ದನ್ನ ನಾನಂತೂ ಕಂಡಿಲ್ಲ. ಕೊಬ್ಬರಿ ಮಾರಿದ ದುಡ್ಡು ಅದೇ ವಾರ ಕೈಗೆ ಬಂದಿತ್ತು.

'ಪುಣ್ಯವಂತೆ, ನರಳದೆ ಹೋದಳು' ಅಂತ ಊರೆಲ್ಲ ಹೇಳುತ್ತೆ. ನರಳಲಿಲ್ಲ ಅಂತ ನೋಡಿದವರು ಯಾರು? ಈಗ ದೂರು ಕೊಟ್ಟರೆ ಏನಾದರೂ ಆಗುತ್ತಾ?

ಕಲ್ಪತರು ನಾಡು:
ಅಕ್ಕ, ಹುಷಾರು. ಆ ವಯಸ್ಸಲ್ಲಿ ಕೈ ಹಿಡಿದು ಎಬ್ಬಿಸಿದರೂ ಚರ್ಮ ಕಂದುತ್ತೆ. ರಕ್ತ ತೆಳುವಾಗೋ ಮಾತ್ರೆ ನುಂಗೋರಿಗಂತೂ ಕೇಳೋದೇ ಬೇಡ, ನಮ್ಮಪ್ಪನ ಕೈ ಬಂದು ನೋಡಿ. ನಾಳೆ ಅದೇ ಊರಲ್ಲಿ ಬಾಳೋರು ನೀವು.

ಸಿಸ್ಟರ್, ತುಮಕೂರು:
ಕಲ್ಪತರು ಅವರು ಹೇಳಿದ್ದು ನಿಜ, ಕಂದಿದ ಗುರುತೊಂದನ್ನೇ ನಂಬೋಕಾಗಲ್ಲ. ಆದರೆ ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಸೊಂಟ, ಮೊಣಕಾಲು, ಮುಂಗೈ, ಹಣೆಗೆ ಪೆಟ್ಟಾಗುತ್ತೆ. ಎರಡೂ ರಟ್ಟೆಯ ಒಳಗಡೆ ಒಂದೇ ಥರ ಗುರುತು ಅಂದರೆ ಯಾರೋ ಅದುಮಿ ಹಿಡಿದಿರಬಹುದು. ಇನ್ನು ಕಿವಿ? ಬಚ್ಚಲ ಕಲ್ಲು ಓಲೆ ಕೀಳುತ್ತಾ?

ನಿವೃತ್ತ ದಫೇದಾರ್:
ಸುಟ್ಟಿಲ್ಲ ತಾನೆ? ಹಾಗಾದರೆ ದಾರಿ ಇದೆ. ಕೊಲೆ ಕೇಸಿಗೆ ಇಷ್ಟು ದಿನದೊಳಗೆ ದೂರು ಕೊಡಬೇಕು ಅನ್ನೋ ಗಡುವಿಲ್ಲ. ಮ್ಯಾಜಿಸ್ಟ್ರೇಟ್ ಅಧಿಕಾರ ಇರೋ ತಹಶೀಲ್ದಾರ್ ಇಲ್ಲವೇ ಎಸಿ (ಉಪವಿಭಾಗಾಧಿಕಾರಿ) ಸಮ್ಮುಖದಲ್ಲಿ ಹೆಣ ಹೊರತೆಗೆಸಿ ಪೋಸ್ಟ್‌ಮಾರ್ಟಂ ಮಾಡಿಸಬಹುದು. ಮಾಂಸ ಕರಗಿದ್ದರೂ ಮೂಳೆ ಇರುತ್ತೆ. ಗಂಟಲ ಮೇಲ್ಗಡೆ ಲಾಳದ ಆಕಾರದ ಸಣ್ಣ ಮೂಳೆಯೊಂದಿದೆ, ವಯಸ್ಸಾದಂತೆ ಗಡುಸಾಗೋದರಿಂದ ಕತ್ತು ಹಿಸುಕಿದರೆ ಮುರಿಯೋದು ಜಾಸ್ತಿ. ಮುರಿದಿಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲೂ ಅಲ್ಲ. ದಿಂಬು ಅದುಮಿದ್ದರೆ ಮೂಳೆ ಏನು ಹೇಳೀತು?

ದೂರಲ್ಲಿ ಯಾರನ್ನೂ ಕೊಲೆಗಾರ ಅನ್ನಬೇಡಿ. ಕಂಡದ್ದನ್ನಷ್ಟೇ ಬರೆದು, 'ಸಾವಿನ ಬಗ್ಗೆ ಅನುಮಾನವಿದೆ, ತನಿಖೆ ಮಾಡಿ' ಅನ್ನಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ. ಠಾಣೇಲಿ ತಗೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾನೂನು) 173ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ. ಓಲೆ ಹೇಗಿತ್ತು ಅಂತ ವಿವರವಾಗಿ ಬರೀರಿ, ಅಜ್ಜಿ ಅದನ್ನ ಹಾಕ್ಕೊಂಡಿರೋ ಮದುವೆ ಫೋಟೋ ಸಿಕ್ಕರೆ ಜೊತೆಗಿಡಿ. ನನ್ನ ಸರ್ವೀಸಲ್ಲಿ ಇಂಥ ಕೇಸು ಗಿರವಿ ಅಂಗಡಿಯಿಂದಲೇ ಬಿಚ್ಚಿಕೊಳ್ಳುತ್ತಿದ್ದವು.

ಗುಬ್ಬಿ ಹುಡುಗಿ:
ಫೋಟೋ ಇದೆ, ನಮ್ಮಕ್ಕನ ಮದುವೇದು. ಆದರೆ ಅಮ್ಮ ಸಹಿ ಹಾಕಲ್ಲ ಅಂತಿದ್ದಾಳೆ. ನಾನು ಹಾಕಬಹುದಾ?

ನಿವೃತ್ತ ದಫೇದಾರ್:
ಯಾರು ಬೇಕಾದರೂ ದೂರು ಕೊಡಬಹುದಮ್ಮ, ರಕ್ತಸಂಬಂಧಿಯೇ ಆಗಬೇಕಿಲ್ಲ. ಕಿವಿ ಹರಿದಿದ್ದನ್ನ ನೋಡಿದ್ದು ಅಮ್ಮ ಅಂತ ಮಾತ್ರ ಮುಚ್ಚುಮರೆ ಇಲ್ಲದೆ ಬರೀರಿ. ಆಕೆ ಹೇಳಿಕೆಯನ್ನ ಮನೆಗೇ ಬಂದು ತಗೋಬೇಕು, ಹೆಂಗಸರನ್ನ ಠಾಣೆಗೆ ಕರೆಸೋ ಹಾಗಿಲ್ಲ. ಅದಕ್ಕೂ ಮುಂಚೆ ಬೆಂಗಳೂರಿನ ಮಗಳಿಗೆ ಒಂದು ಫೋನ್ ಮಾಡಿ.