ಎಣ್ಣೆ ತಲೆಗೇರಿತು, ಬುಡಕ್ಕೆ ಇಳೀಲಿಲ್ಲ

ಭಾನುವಾರ ಬೆಳಗ್ಗೆ ಎಂಟಕ್ಕೆ ಕಿಟ್ಟಿಯ ಫೋನು. "ಲೋ, ಎಣ್ಣೆ ಹಾಕಿ ಹದಿನೈದು ದಿನ ಆಯ್ತು, ತಲೆಗೇ ಏರ್ತಿಲ್ಲ ಕಣೋ. ಬೇಗ ಬಾ."

ಇವನಿಗೆ ಇದ್ಯಾವ ಕರ್ಮ ಅಂತ ಮೈಸೂರಿನ ಸರಸ್ವತಿಪುರಂಗೆ ಓಡಿದರೆ, ಷೆಡ್ಡಿನಲ್ಲಿ ಕಿಟ್ಟಿ ಪೂರಾ ಎಚ್ಚರವಾಗೇ ಕೂತಿದ್ದ. ಎಣ್ಣೆ ಏರದೇ ಇದ್ದದ್ದು ಅವನ ಬುಲೆಟ್ಟಿಗೆ. 1974ರ 350, ಎರಕದ ಕಬ್ಬಿಣದ ಇಂಜಿನ್, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆರು ತಿಂಗಳು ಕೂತು ಇಂಜಿನ್ನನ್ನ ತಾನೇ ಬಿಚ್ಚಿ ತಾನೇ ಕಟ್ಟಿದ್ದ. ಮೇಷ್ಟ್ರೂ ಯೆಜ್ಡಿ ಸೀನನೂ ನನಗಿಂತ ಮೊದಲೇ ಹಾಜರ್. ಕಾಫಿ ಇರೋ ಕಡೆ ಅವರಿಬ್ಬರೂ ಲೇಟಾಗಿ ಬಂದ ದಾಖಲೆಯಿಲ್ಲ.

"ಸ್ಟಾರ್ಟ್ ಮಾಡಿ ಎರಡು ನಿಮಿಷ ಓಡಿಸ್ದೆ. ಇಂಜಿನ್ ತಲೇಲಿ ವಾಲ್ವ್ ಒತ್ತೋ ರಾಕರ್ ಇದ್ಯಲ್ಲ, ಅದರ ಕವರ್ ತೆಗೆದು ನೋಡಿದ್ರೆ ಒಳಗೆ ಬೇಸಿಗೇಲಿ ಬತ್ತಿದ ಕೆರೆ," ಅಂದ ಕಿಟ್ಟಿ.

"ಅದಕ್ಕೇ ಹೇಳೋದು, ನಮ್ಮೂರ ಗಾಡಿ ತಗೋ ಅಂತ," ಸೀನ ಶುರು ಹಚ್ಕೊಂಡ. "1961ರಿಂದ 1996ರವರೆಗೆ ಯಾದವಗಿರಿ ಫ್ಯಾಕ್ಟ್ರೀಲಿ ಜಾವಾ, ಯೆಜ್ಡಿ ಮಾಡಿದ್ರಲ್ಲ, ಆಯಿಲ್ ಕಿಂಗ್ ಥರದ್ದು ಬಿಟ್ರೆ ಯಾವುದಕ್ಕಾದ್ರೂ ಇಂಜಿನ್ ಎಣ್ಣೆಗೆ ಪಂಪ್ ಇಟ್ರಾ? ಪೆಟ್ರೋಲ್‌ಗೇ ಎಣ್ಣೆ ಕಲಸಿ ಬಿಡೋದು. ಹುಳಿಯನ್ನ ಇದ್ದಂಗೆ. ಅನ್ನ ಹೋದ ಕಡೆ ಹುಳಿ ಹೋಗ್ಲೇಬೇಕು."

"ಹೂಂ, ನೀನು ಬೀದಿಗೆ ಬಂದ್ರೆ ಕಾರ್ಪೊರೇಷನ್‌ನವರು ಸೊಳ್ಳೆಗೆ ಹೊಗೆ ಬಿಡೋಕೆ ಬಂದ್ರು ಅಂತ ಜನ ಕಿಟಕಿ ಹಾಕ್ಕೋತಾರೆ," ಅಂದರು ಮೇಷ್ಟ್ರು. ನಲವತ್ತು ವರ್ಷ ಹೈಸ್ಕೂಲಲ್ಲಿ ಫಿಸಿಕ್ಸ್ ಹೇಳಿಕೊಟ್ಟವರು. ಸ್ಪ್ಯಾನರ್ ಮುಟ್ಟೋದಿಲ್ಲ, ಪ್ರಶ್ನೆ ಬಿಡೋದಿಲ್ಲ. "ಕಿಟ್ಟಿ, ಎಣ್ಣೆ ಎಷ್ಟು ಹಾಕಿದೀಯ?"

"ಮೊದಲು ಎರಡೂಕಾಲು ಲೀಟರ್. ಇವತ್ತು ಕಡ್ಡಿ ಅದ್ದಿ ನೋಡಿದ್ರೆ ಕಮ್ಮಿ ಇತ್ತು, ಇನ್ನರ್ಧ ಹಾಕ್ದೆ."

ಅಷ್ಟರಲ್ಲಿ ನಾನೂ ಬಾಯಿ ಬಿಡಬೇಕಾಯಿತು. ಬಂದ ತಕ್ಷಣ ಕಡ್ಡಿ ನೋಡಿ, ಯಾಕೋ ಸಾಲದು ಅನ್ನಿಸಿ, ಯಾರನ್ನೂ ಕೇಳದೆ ಕಾಲು ಲೀಟರ್ ಸುರಿದಿದ್ದೆ. ಸೀನ ಮೆತ್ತಗೆ, "ನಾನೂ ಒಂಚೂರು..." ಅಂದ.

ಮೇಷ್ಟ್ರು ಹಣೆ ಚಚ್ಚಿಕೊಂಡರು. ಈ ಇಂಜಿನ್ನಿನಲ್ಲಿ ಎಣ್ಣೆ ಟ್ಯಾಂಕ್ ಬೇರೆ ತೂಗುಹಾಕಿರಲ್ಲ. ಇಂಜಿನ್ನಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸಿನ ಎರಕದಲ್ಲೇ, ಪಿಸ್ಟನ್ ಆಡೋ ಬ್ಯಾರಲ್‌ನ ಹಿಂದೆ, ಗೋಡೆ ಕಟ್ಟಿ ಮಾಡಿದ ಕೋಣೆ. ಗಾಡಿ ಸುಮ್ನೆ ನಿಂತರೆ ಎಣ್ಣೆ ಪಂಪಿನ ಸಂದೀಲಿ ಜಿನುಗಿ ಈ ಕೋಣೆಯಿಂದ ಫ್ಲೈವೀಲ್ ಕೋಣೆಗೆ ಇಳಿದುಬಿಡುತ್ತೆ. ಕಡ್ಡಿ ಖಾಲಿ ಅನ್ನುತ್ತೆ, ಎಣ್ಣೆ ಪಕ್ಕದ ಮನೇಲಿ ಕೂತಿರುತ್ತೆ. ಒಂದೆರಡು ನಿಮಿಷ ಓಡಿಸಿ, ರಿಟರ್ನ್ ಪಂಪ್ ಎಲ್ಲಾ ವಾಪಸ್ ತಂದಮೇಲೆ ಕಡ್ಡಿ ನೋಡಬೇಕು. ನಾವು ಮೂವರು ಸೇರಿ ಅದಕ್ಕೆ ದೀಪಾವಳಿ ಎಣ್ಣೆಸ್ನಾನ ಮಾಡಿಸಿದ್ದೆವು. ಇಂಜಿನ್ ಉಸಿರು ಬಿಡೋ ಬ್ರೀದರ್ ಪೈಪಿನಿಂದ ಷೆಡ್ಡಿನ ನೆಲಕ್ಕೆ ಸುರೀತಿದ್ದ ಧಾರೆಯ ಗುಟ್ಟೂ ಅದೇ.

ಹೆಚ್ಚಿನದ್ದನ್ನ ಬಸಿದದ್ದಾಯಿತು. ಆದರೆ ರಾಕರ್ ಇನ್ನೂ ಒಣಗೇ ಇತ್ತಲ್ಲ?

"ಪಂಪ್ ಗಾಳಿ ಕುಡೀತಿರಬೇಕು. ಫಿಲ್ಟರ್ ಮನೆಗೆ ಎಣ್ಣೆ ತುಂಬಿ ಮುಚ್ಚಿದ್ಯಾ?" ಅಂತ ಕೇಳಿದೆ.

ಕಿಟ್ಟಿ ಮುಖ ನೋಡಿದರೇ ಗೊತ್ತಾಯಿತು. ಇಂಜಿನ್ನಿನ ಪಕ್ಕದ ಮುಚ್ಚಳ, ಟೈಮಿಂಗ್ ಕವರಿನಲ್ಲಿ ಫೆಲ್ಟ್ ಫಿಲ್ಟರಿಗೆ ಒಂದು ಗುಂಡನೆ ಗೂಡಿದೆ. ಇಂಜಿನ್ ಕಟ್ಟಿದ ಮೇಲೆ ಅದನ್ನ ತುಂಬದೆ ಬಿಟ್ಟರೆ, ಆ ಪುಟ್ಟ ಪ್ಲಂಜರ್ ಪಂಪು ಮೊದಲು ಆ ಗೂಡನ್ನ ತುಂಬಿಸಬೇಕು, ಆಮೇಲೆ ಮುಂದಿನ ಮಾತು. ಪಂಪಾದರೂ ಎಂಥದು! ಪಿಸ್ಟನ್ ತಿರುಗಿಸೋ ದಂಡ ಕ್ರ್ಯಾಂಕ್, ಅದರ ತುದಿಯ ವರ್ಮ್ ಅನ್ನೋ ಸುರುಳಿ ಗೇರು ತಿರುಗಿಸಿದಷ್ಟು ಮಾತ್ರ, ಅದೂ ಸರ್ಕಾರಿ ಕಡತದ ವೇಗದಲ್ಲಿ ಆಡೋ ವಸ್ತು.

ತುಂಬಿದೆವು. ಪ್ಲಗ್ ತೆಗೆದು ಸರದಿ ಪ್ರಕಾರ ಕಿಕ್ ಹೊಡೆದೆವು. ಮೂವತ್ತಕ್ಕೆ ಸೀನ ಕೂತ, ಐವತ್ತಕ್ಕೆ ನಾನು ಮಲಗಿದೆ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ರಾಕರ್‌ಗೆ ಹೋಗೋ ಪೈಪಿನ ಬ್ಯಾಂಜೋ ಬೋಲ್ಟನ್ನ ಕಿಟ್ಟಿ ಒಂದು ಸುತ್ತು ಸಡಿಲಿಸಿದ. ಮೊದಲು ಗುಳ್ಳೆ, ಆಮೇಲೆ ಹನಿ, ಆಮೇಲೆ ಜೇನಿನ ಬಣ್ಣದ ಎಣ್ಣೆ! ಸೀನ ಶಿಳ್ಳೆ ಹೊಡೆದ. ಕಿಟ್ಟಿಯ ಅಮ್ಮ ಯಾರಿಗೋ ಮಗು ಆಯ್ತೇನೋ ಅಂತ ಹೊರಗೆ ಬಂದರು.

ಮೇಷ್ಟ್ರು ಮಾತ್ರ ನಗಲಿಲ್ಲ. "ತಲೆಗೆ ಎಣ್ಣೆ ಬಂತು, ಸರಿ. ಬುಡದಲ್ಲಿ ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರೋ ಬಿಗ್ ಎಂಡ್‌ಗೆ?"

"ಮೇಲಕ್ಕೇ ಹತ್ತಿದ್ದು ಕೆಳಗೆ ಹೋಗಲ್ವಾ ಸಾರ್?"

"ಎರಡು ದಾರಿ ಬೇರೆ ಬೇರೆ ಕಣಯ್ಯ. ರಾಕರ್ ಕಣ್ಣಿಗೆ ಕಾಣುತ್ತೆ, ಅದಕ್ಕೇ ಶಿಳ್ಳೆ. ಬಿಗ್ ಎಂಡ್ ಕತ್ತಲೇಲಿ ಸಾಯುತ್ತೆ. ಎಣ್ಣೆ ಪ್ರೆಷರ್ ಮೀಟರೂ ಇಲ್ಲ, ದೀಪವೂ ಇಲ್ಲ. ಇದಕ್ಕಿರೋದು ರೋಲರ್ ಬೇರಿಂಗ್ ಅಲ್ಲ, ಫ್ಲೋಟಿಂಗ್ ಬುಷ್ ಅನ್ನೋ ಲೋಹದ ಬಳೆ. ಎಣ್ಣೆ ಪದರದ ಮೇಲೇ ತೇಲಬೇಕು, ಉಪವಾಸ ತಡೆಯಲ್ಲ. ಒಂದೇ ಪ್ರಶ್ನೆಗೆ ಉತ್ತರ ಹೇಳಿ: ಟೈಮಿಂಗ್ ಕವರ್ ನಿಂತಿದೆ, ಕ್ರ್ಯಾಂಕ್ ತಿರುಗ್ತಿದೆ. ನಿಂತಿರೋ ಕವರಿಂದ ತಿರುಗೋ ಕ್ರ್ಯಾಂಕಿನ ತೂತಿಗೆ ಎಣ್ಣೆ ದಾಟೋದು ಹೇಗೆ? ಸೇತುವೆ ಯಾವುದು?"

ಷೆಡ್ಡಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೌನ.

"ಗ್ಯಾಸ್ಕೆಟ್ ಅಡ್ಡ ಬಂದಿರಬಹುದಾ?" ನಾನು ಜಾರಿಕೊಳ್ಳೋಕೆ ನೋಡಿದೆ. ಸುಳ್ಳಲ್ಲ. ಗ್ಯಾಸ್ಕೆಟ್ ಪೇಸ್ಟನ್ನ ಚಪಾತಿಗೆ ಬೆಣ್ಣೆ ಸವರಿದಂಗೆ ಸವರಿ, ಉಬ್ಬಿ ಬಂದದ್ದು ಎಣ್ಣೆ ತೂತಿಗೆ ಬಿರಡೆ ಹಾಕಿದ ಇಂಜಿನ್ನುಗಳನ್ನ ನೋಡಿದೀನಿ.

"ಪೇಸ್ಟ್ ತೆಳ್ಳಗೇ ಹಚ್ಚಿದೀನಿ," ಅಂದ ಕಿಟ್ಟಿ. "ಪಂಪಿನ ಡಿಸ್ಕ್ ಬ್ರಾಸೋ ಪಾಲಿಷ್ ಹಾಕಿ ಉಜ್ಜಿ ಕೂರಿಸಿದೀನಿ. ವರ್ಮ್ ನಟ್ಟು ಎಡಮರೆ, ಎಡಕ್ಕೆ ತಿರುಗಿಸಿದ್ರೇ ಬಿಗಿಯೋದು ಅಂತ ನೆನಪಿಟ್ಕೊಂಡೇ ಬಿಗಿದೆ. ಕವರ್ ಹಾಕೋವಾಗ ವರ್ಮ್ ತುದಿಗೆ..." ಅಂತ ನಿಲ್ಲಿಸಿದ. "ವರ್ಮ್ ತುದಿ ಸುತ್ತ ಕವರಲ್ಲಿ ಏನೋ ಉಂಗುರದಂಥ ಕುಳಿ ಇತ್ತು. ಖಾಲಿ ಇತ್ತು. ಅಲ್ಲೇನೋ ಸೀಲ್ ಬರುತ್ತೆ ಅಂತ ಓದಿದ್ದೆ. ಕಿಟ್‌ನಲ್ಲಿ ರಬ್ಬರ್ ಸೀಲ್ ಯಾವುದೂ ಮಿಕ್ಕಿರ್ಲಿಲ್ಲ."

"ರಬ್ಬರೇ ಆಗಬೇಕು ಅಂತ ಯಾರು ಹೇಳಿದ್ರು?"

"ಬಾಟ್ಲಿ ಬಿರಡೆ ಥರ ಒಂದು ಬಿಲ್ಲೆ ಇತ್ತು, ನಡುವೆ ತೂತು. ಕಾರ್ಕು. ಇಂಜಿನ್‌ಗೆ ಯಾರಾದ್ರೂ ಕಾರ್ಕ್ ಹಾಕ್ತಾರಾ? ಗ್ಯಾಸ್ಕೆಟ್ ಕಿಟ್‌ನಲ್ಲಿ ಎಲ್ಲಾ ಮಾಡಲ್‌ದೂ ತುಂಬಿರ್ತಾರೆ, ಬೇರೆ ಯಾವುದರದ್ದೋ ಅಂದ್ಕೊಂಡೆ."

"ಈಗೆಲ್ಲಿ ಅದು?"

ಕಿಟ್ಟಿ ಉತ್ತರ ಹೇಳಲಿಲ್ಲ, ಹೆಡ್‌ಲೈಟ್ ಕಡೆ ನೋಡಿದ. ನಾವೂ ನೋಡಿದೆವು. ಇಗ್ನಿಷನ್ ಕೀಗೆ ಬಾಳೆದಾರ ಸುತ್ತಿ ಕಾರ್ಕಿನ ಬಿಲ್ಲೆಯೊಂದು ನೇತಾಡ್ತಿತ್ತು. ಚೆನ್ನಾಗಿದೆ ಅಂತ ಕೀಚೈನ್ ಮಾಡ್ಕೊಂಡಿದ್ದನಂತೆ. ಬಿಗ್ ಎಂಡಿನ ಎಣ್ಣೆ ಕಾಯಬೇಕಾದ ಕಾವಲುಗಾರ ಎರಡಡಿ ಮೇಲೆ ಉಯ್ಯಾಲೆ ಆಡ್ತಿದ್ದ. ಕೆಳಗೆ ಎಣ್ಣೆ, ಕ್ರ್ಯಾಂಕಿನ ತೂತಿಗೆ ನುಗ್ಗೋ ಬದಲು ಟೈಮಿಂಗ್ ಗೇರುಗಳ ಮೇಲೆ ಧಾರಾಳವಾಗಿ ಚೆಲ್ಲಿ ಹೋಗ್ತಿತ್ತು.

ಸೀನನ ಮುಖದಲ್ಲಿ ಯಾದವಗಿರಿಯ ಅಷ್ಟೂ ಹೆಮ್ಮೆ ಬೆಳಗಿತು. "ಎಣ್ಣೆ ಹೊಡೆಯೋರಿಗೆ ಬಿರಡೆ ಬೆಲೆ ಗೊತ್ತಿರಬೇಕು ಕಣೋ."

ಉಳಿದ ಎಣ್ಣೆಯನ್ನೂ ಬಸಿದು ಅಮ್ಮನ ಹಳೇ ಬಿಳಿ ಪಂಚೆಯಲ್ಲಿ ಸೋಸಿ, ಟಾರ್ಚ್ ಬಿಟ್ಟು ಹುಡುಕಿದೆವು. ಲೋಹದ ಮಿಂಚು ಒಂದೂ ಇರಲಿಲ್ಲ. ಎರಡು ಮೂರು ನಿಮಿಷದ ಓಟ, ಕಟ್ಟುವಾಗ ಬಳಿದ ಎಣ್ಣೆಯೇ ಬುಷ್ಷಿನ ಜೀವ ಉಳಿಸಿತ್ತು. ಟೈಮಿಂಗ್ ಕವರ್ ಬಿಚ್ಚುವಾಗ ಗ್ಯಾಸ್ಕೆಟ್ ಎರಡು ತುಂಡು. ಕೀಚೈನಿನ ಕಾರ್ಕೋ, ಬಿಸಿಲಿಗೆ ಸೀಳಿತ್ತು. ಹೊಸ ಕಿಟ್ ತರೋಕೆ ಸೀನನ ಯೆಜ್ಡಿಯಲ್ಲೇ ಹೋದೆವು, ಹೊಗೆಯ ಮಧ್ಯೆ ಯಾರೂ ಏನೂ ಮಾತಾಡಲಿಲ್ಲ.

ಸಂಜೆ ಹೊಸ ಕಾರ್ಕ್ ಕೂತು, ಕವರ್ ಮುಚ್ಚಿ, ಹತ್ತು ನಿಮಿಷ ಓಡಿಸಿ, ಕಡ್ಡಿ ನೋಡಿ, ಎಲ್ಲರೂ ಕೈ ತೊಳೆದದ್ದಾಯಿತು. ಕಿಟ್ಟಿಯ ಅಮ್ಮ ಷೆಡ್ಡು ಗುಡಿಸೋಕೆ ಬಂದು, ಕಿಟ್ ಕವರಿನ ತಳದಿಂದ ಒಂದು ಸಣ್ಣ ತಾಮ್ರದ ವಾಷರ್ ಎತ್ತಿ ಹಿಡಿದು ಕೇಳಿದರು, "ಇದು ಬೇಕೇನ್ರೋ, ಎಸೀಲಾ?"

ನಾವು ನಾಲ್ವರೂ ಇಂಜಿನ್ ಕಡೆ ನೋಡಿದೆವು.