‘ಹಾಬಿಟ್’ ಕಾದಂಬರಿಯ ಕೊನೆಯ ಭಾಗ: ನಾಯಕ ಯುದ್ಧದಲ್ಲಿ ಪ್ರಜ್ಞೆ ತಪ್ಪಿ ಬೀಳುವುದು ಕಥೆಯ ದೋಷವೇ?

ಕಾವೇರಿತೀರ (ಪ್ರಶ್ನೆ)

ನಮ್ಮ ಬಡಾವಣೆಯ ಕೆಲವು ಪೋಷಕರು ಸೇರಿ ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಭಾನುವಾರಗಳಂದು ಓದುಕೂಟವೊಂದನ್ನು ನಡೆಸುತ್ತೇವೆ. ಈ ಬಾರಿ ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’ ಕಾದಂಬರಿಯನ್ನು ಇಂಗ್ಲಿಷಿನಲ್ಲಿಯೇ ಗಟ್ಟಿಯಾಗಿ ಓದಿ, ಕಷ್ಟವಾದ ಕಡೆಗಳಲ್ಲಿ ಕನ್ನಡದಲ್ಲಿ ವಿವರಿಸುತ್ತ ಮುಗಿಸಿದೆವು. ಹದಿನಾಲ್ಕನೆಯ ಅಧ್ಯಾಯಕ್ಕೆ ಬರುವವರೆಗೆ ಒಬ್ಬ ಮಗುವೂ ಅಲುಗಾಡಲಿಲ್ಲ. ಅಲ್ಲಿಂದ ಮುಂದೆ ಅಭಿಪ್ರಾಯಗಳು ಒಡೆದುಹೋದವು, ಮತ್ತು ಈಗ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ವಾದಿಸುತ್ತಿದ್ದೇವೆ.

ಓದದವರಿಗಾಗಿ ಸಂಕ್ಷಿಪ್ತವಾಗಿ ಹೇಳುತ್ತೇನೆ. ತನ್ನ ಬಿಲದ ಮನೆಯಲ್ಲಿ ಹೊತ್ತುಹೊತ್ತಿಗೆ ಊಟ ಮಾಡಿಕೊಂಡು ಸುಖವಾಗಿದ್ದ ಬಿಲ್ಬೋ ಬ್ಯಾಗಿನ್ಸ್ ಎಂಬ ಪುಟ್ಟ ಆಕಾರದ ಹಾಬಿಟ್‌ನನ್ನು ಗ್ಯಾಂಡಾಲ್ಫ್ ಎಂಬ ಮಾಂತ್ರಿಕನು ಹದಿಮೂರು ಮಂದಿ ಕುಬ್ಜರ ಜೊತೆ ದೂರದ ಒಂಟಿ ಪರ್ವತಕ್ಕೆ ಹೊರಡಿಸುತ್ತಾನೆ. ಅಲ್ಲಿ ಸ್ಮೌಗ್ ಎಂಬ ಡ್ರ್ಯಾಗನ್ ಕುಬ್ಜರ ಪೂರ್ವಜರ ನಿಧಿಯ ಮೇಲೆ ಮಲಗಿದೆ. ಇಷ್ಟೆಲ್ಲ ಹಾದಿ ಸವೆಸಿದ ಮೇಲೆ ಆ ಡ್ರ್ಯಾಗನ್ನನ್ನು ಕೊಲ್ಲುವವನು ಬಿಲ್ಬೋ ಅಲ್ಲ, ಕುಬ್ಜರ ನಾಯಕ ಥೋರಿನ್ ಕೂಡ ಅಲ್ಲ. ಸರೋವರದ ಊರಿನ ಬಾರ್ಡ್ ಎಂಬ ಬಿಲ್ಲುಗಾರ. ಆಮೇಲೆ ನಡೆಯುವ ಐದು ಸೇನೆಗಳ ಯುದ್ಧದಲ್ಲಿ ಬಿಲ್ಬೋ ತಲೆಗೆ ಕಲ್ಲು ಬಡಿದು ಪ್ರಜ್ಞೆ ತಪ್ಪುತ್ತಾನೆ, ಮುಖ್ಯ ಹೋರಾಟವನ್ನು ನಾವು ಆಮೇಲೆ ಬೇರೆಯವರ ಬಾಯಿಂದ ಕೇಳುತ್ತೇವೆ. ಹತ್ತು ವರ್ಷದ ಹುಡುಗನೊಬ್ಬ, “ಹಾಗಾದರೆ ಇವನನ್ನು ಕರೆದುಕೊಂಡು ಹೋಗಿದ್ದೇಕೆ?” ಎಂದು ಕೇಳಿದ. ಅವನಿಗೆ ಏನು ಹೇಳಬೇಕು? ಇದನ್ನು ಕಾದಂಬರಿಯ ದೋಷವೆಂದು ಒಪ್ಪಿಕೊಳ್ಳಬೇಕೇ, ಅಥವಾ ಬೇರೆ ಓದು ಸಾಧ್ಯವೇ?

ಮಲೆನಾಡಿಗ

ಹುಡುಗನ ಪ್ರಶ್ನೆ ಸರಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಲೇಖಕರು ದೊಡ್ಡವರೆಂಬ ಕಾರಣಕ್ಕೆ ಅವನ ಬಾಯಿ ಮುಚ್ಚಿಸುವ ಅಗತ್ಯವಿಲ್ಲ. ಬಾರ್ಡ್ ಎಂಬ ಹೆಸರು ಮೊದಲ ಬಾರಿಗೆ ಕಾಣಿಸಿಕೊಳ್ಳುವುದೇ ಅವನು ಡ್ರ್ಯಾಗನ್ನನ್ನು ಕೊಲ್ಲುವ ಅಧ್ಯಾಯದಲ್ಲಿ. ಅವನು ಡೇಲ್ ನಗರದ ಹಳೆಯ ದೊರೆ ಗಿರಿಯನ್‌ನ ವಂಶದವನು ಎಂಬ ಸಂಗತಿಯನ್ನೂ ಅಲ್ಲಿಯೇ, ಬಾಣ ಹೂಡುವ ಹೊತ್ತಿಗೆ, ಅವಸರದಲ್ಲಿ ತಿಳಿಸಲಾಗುತ್ತದೆ. ಆರನೆಯ ಅಧ್ಯಾಯದಲ್ಲೋ ಹತ್ತನೆಯ ಅಧ್ಯಾಯದಲ್ಲೋ ಅವನನ್ನು ಒಮ್ಮೆ ಹೆಸರಿಟ್ಟು ಪರಿಚಯಿಸಿದ್ದರೂ ಸಾಕಾಗುತ್ತಿತ್ತು. ಸರೋವರದ ಊರಿನಲ್ಲಿ ಕುಬ್ಜರು ಎರಡು ವಾರ ತಂಗುತ್ತಾರೆ, ಅಲ್ಲಿ ಅವಕಾಶವಿರಲಿಲ್ಲವೆಂದು ಹೇಳುವಂತಿಲ್ಲ.

ಎರಡನೆಯ ತಕರಾರು ಧಾಟಿಯ ಬಗ್ಗೆ. ಕಾದಂಬರಿಯ ಮೊದಲ ಭಾಗದಲ್ಲಿ ನಿರೂಪಕನು ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡವನಂತೆ ಮಾತನಾಡುತ್ತಾನೆ, ಮೂವರು ಟ್ರೋಲ್‌ಗಳು ಕುಬ್ಜರನ್ನು ಹುರಿಯಬೇಕೇ ಬೇಯಿಸಬೇಕೇ ಎಂದು ಜಗಳವಾಡುತ್ತ ಬೆಳಗಾಗಿ ಕಲ್ಲಾಗುತ್ತಾರೆ. ಕೊನೆಯ ಐದಾರು ಅಧ್ಯಾಯಗಳಲ್ಲಿಯಾದರೋ ನಿಧಿಯ ಹಕ್ಕು ಯಾರಿಗೆ ಸೇರಬೇಕು, ಪರಿಹಾರ ಎಷ್ಟು ಕೊಡಬೇಕು, ಮುತ್ತಿಗೆ ಹಾಕಬೇಕೇ ಎಂಬ ರಾಜತಾಂತ್ರಿಕ ಮಾತುಕತೆ ನಡೆಯುತ್ತದೆ. ಎರಡು ಬೇರೆ ಬೇರೆ ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿದಂತೆ ನನಗೆ ಕಾಣುತ್ತದೆ. ಹದಿಮೂರು ಕುಬ್ಜರಲ್ಲಿ ಥೋರಿನ್, ಬಾಲಿನ್ ಮತ್ತು ದಪ್ಪಗಿರುವ ಬೊಂಬೂರ್ ಬಿಟ್ಟರೆ ಉಳಿದವರು ಟೊಪ್ಪಿಗೆಯ ಬಣ್ಣದಿಂದಲೇ ಗುರುತಿಗೆ ಸಿಗಬೇಕಾದವರು. ಹೀಗಿರುವಾಗ ಫಿಲಿ ಮತ್ತು ಕಿಲಿ ಯುದ್ಧದಲ್ಲಿ ಸತ್ತರೆಂದು ಒಂದು ವಾಕ್ಯದಲ್ಲಿ ಹೇಳಿದರೆ ಮಗುವಿಗೆ ದುಃಖ ಬರುವುದಾದರೂ ಹೇಗೆ?

ಬಿಸಿಲನಾಡು

ಮಲೆನಾಡಿಗ ಅವರ ಎರಡನೆಯ ತಕರಾರನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಮೊದಲನೆಯದನ್ನು ಒಪ್ಪಲಾರೆ.

ನಮ್ಮ ಮಕ್ಕಳು ಇಂತಹ ಕೊನೆಯನ್ನು ಕಂಡು ಗೊಂದಲಪಡುವುದಕ್ಕೆ ಅವರು ಕೇಳಿ ಬೆಳೆದ ಕಥೆಗಳೂ ಕಾರಣವಿರಬಹುದು. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣವಿದೆಯೆಂಬ ಗುಟ್ಟನ್ನು ತಿಳಿದ ರಾಜಕುಮಾರನೇ ಅಲ್ಲಿಗೆ ಹೋಗಿ ಗಿಳಿಯ ಕತ್ತು ಮುರಿಯುತ್ತಾನೆ. ರಾಜಕುಮಾರಿಯೂ ಅರ್ಧ ರಾಜ್ಯವೂ ಅವನಿಗೇ ಸಲ್ಲುತ್ತವೆ. ಟೋಲ್ಕಿನ್ ಇಲ್ಲಿ ಗುಟ್ಟನ್ನು ಕಂಡುಕೊಳ್ಳುವವನನ್ನೂ ಕೊಲ್ಲುವವನನ್ನೂ ಬೇರೆ ಮಾಡಿದ್ದಾರೆ. ಹನ್ನೆರಡನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ ನೋಡಿ. ಉಂಗುರ ಧರಿಸಿ ಅದೃಶ್ಯನಾಗಿರುವ ಬಿಲ್ಬೋ ಸ್ಮೌಗ್‌ನನ್ನು ಹೊಗಳಿ ಹೊಗಳಿ ಉಬ್ಬಿಸುತ್ತಾನೆ. ಹೊಗಳಿಕೆಗೆ ಮೈಮರೆತ ಡ್ರ್ಯಾಗನ್ ರತ್ನಖಚಿತವಾದ ತನ್ನ ಎದೆಯನ್ನು ತೋರಿಸಲು ಹೊರಳಿದಾಗ, ಎಡ ಎದೆಯ ಗುಳಿಯಲ್ಲಿ ಕವಚವಿಲ್ಲದ ಬರಿಯ ಜಾಗವೊಂದು ಬಿಲ್ಬೋನ ಕಣ್ಣಿಗೆ ಬೀಳುತ್ತದೆ. ಅವನು ಅದನ್ನು ಕುಬ್ಜರಿಗೆ ಹೇಳುವಾಗ ಅಲ್ಲಿಯೇ ಕುಳಿತಿದ್ದ ಹಕ್ಕಿಯೊಂದು ಕೇಳಿಸಿಕೊಂಡು, ಹಾರಿಹೋಗಿ, ಬಾರ್ಡ್‌ನ ಕಿವಿಯಲ್ಲಿ ಉಸುರುತ್ತದೆ. ಬಾರ್ಡ್‌ನ ಕೊನೆಯ ಕಪ್ಪು ಬಾಣ ನೆಡುವುದು ಆ ಜಾಗಕ್ಕೇ. ಆದುದರಿಂದ “ಇವನನ್ನು ಕರೆದುಕೊಂಡು ಹೋಗಿದ್ದೇಕೆ” ಎಂಬ ಪ್ರಶ್ನೆಗೆ ಕಥೆಯೊಳಗೇ ನೇರವಾದ ಉತ್ತರವಿದೆ: ಬಿಲ್ಬೋ ಇರದಿದ್ದರೆ ಬಾಣಕ್ಕೆ ಗುರಿಯೇ ಸಿಗುತ್ತಿರಲಿಲ್ಲ.

ಆದರೆ ನನ್ನ ಮುಖ್ಯ ವಾದ ಇದಲ್ಲ. ಡ್ರ್ಯಾಗನ್ ಸತ್ತ ಮೇಲೆ ಕಥೆ ಮುಗಿಯಬೇಕಾಗಿತ್ತೆಂದು ನಾವು ಭಾವಿಸುತ್ತೇವೆ. ಆದರೆ ಅದು ಸತ್ತ ಮೇಲೆಯೂ ಅದರ ದುರಾಸೆಯ ಗುಣ ನಿಧಿಯ ಮೇಲೆ ಉಳಿದುಬಿಟ್ಟಿರುತ್ತದೆ, ಮತ್ತು ಅದು ಥೋರಿನ್‌ನಿಗೆ ಅಂಟಿಕೊಳ್ಳುತ್ತದೆ. ಊರು ಸುಟ್ಟುಹೋಗಿ ಬೀದಿಗೆ ಬಿದ್ದ ಸರೋವರದ ಜನ ಪಾಲು ಕೇಳಿಕೊಂಡು ಬಂದರೆ ಅವನು ಬಾಗಿಲಿಗೆ ಕಲ್ಲುಗೋಡೆ ಕಟ್ಟಿಸುತ್ತಾನೆ. ಅವನು ಎಲ್ಲಕ್ಕಿಂತ ಹೆಚ್ಚಾಗಿ ಹುಡುಕುತ್ತಿರುವ ಆರ್ಕನ್‌ಸ್ಟೋನ್ ಎಂಬ ರತ್ನ ಬಿಲ್ಬೋನ ಬಳಿ ಇರುತ್ತದೆ. ಹದಿನಾರನೆಯ ಅಧ್ಯಾಯದ ರಾತ್ರಿಯಲ್ಲಿ ಬಿಲ್ಬೋ ಗೋಡೆಯಿಂದ ಹಗ್ಗ ಇಳಿಬಿಟ್ಟು ಎದುರು ಪಾಳೆಯಕ್ಕೆ ಹೋಗಿ, ಸಂಧಾನಕ್ಕೆ ಒದಗಲೆಂದು ಆ ರತ್ನವನ್ನು ಬಾರ್ಡ್‌ನ ಕೈಗೆ ಕೊಡುತ್ತಾನೆ. ಬಾರ್ಡ್‌ನ ಜೊತೆ ಸೇನೆಯೊಡನೆ ಬಂದಿದ್ದ, ಎಲ್ಫ್‌ಗಳೆಂಬ ಕಾಡಿನ ಜನಾಂಗದ ರಾಜನು ಇಲ್ಲಿಯೇ ಇದ್ದುಬಿಡು, ನಿನಗೆ ಗೌರವವೂ ರಕ್ಷಣೆಯೂ ದೊರೆಯುತ್ತದೆ ಎಂದರೂ ಕೇಳದೆ, ತನ್ನನ್ನು ದ್ರೋಹಿಯೆಂದು ಕರೆಯಲಿರುವ ಗೆಳೆಯರ ಬಳಿಗೇ ಹಿಂದಿರುಗುತ್ತಾನೆ. ಮರುದಿನ ಥೋರಿನ್ ಅವನನ್ನು ಗೋಡೆಯ ಮೇಲಿಂದ ಎಸೆಯಲು ಎತ್ತಿಹಿಡಿಯುತ್ತಾನೆ. ಕಾದಂಬರಿಯ ನಾಯಕನ ಸಾಹಸ ಇದು. ಇದಕ್ಕೆ ಕತ್ತಿ ಬೇಕಾಗಿಲ್ಲವಾದ್ದರಿಂದ, ಕತ್ತಿ ಝಳಪಿಸುವ ಅಧ್ಯಾಯದಲ್ಲಿ ಅವನು ಪ್ರಜ್ಞೆ ತಪ್ಪಿ ಬಿದ್ದಿದ್ದರೆ ನನಗೆ ನಷ್ಟವೇನೂ ಕಾಣುವುದಿಲ್ಲ.

ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೊಮ್ ಕದನದಲ್ಲಿ ಸ್ವತಃ ಇದ್ದವರು, ಆ ಮೊದಲ ಮಹಾಯುದ್ಧದಲ್ಲಿ ಆಪ್ತ ಗೆಳೆಯರನ್ನು ಕಳೆದುಕೊಂಡವರು. ಯುದ್ಧದ ವೈಭವವನ್ನು ನಾಯಕನ ಕಣ್ಣಿನಿಂದ ಉದ್ದಕ್ಕೂ ವರ್ಣಿಸಲು ಅವರಿಗೆ ಮನಸ್ಸು ಬಾರದಿದ್ದುದು ಇದರಿಂದಲೇ ಎಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಆ ಅಧ್ಯಾಯವನ್ನು ಓದುವಾಗ ಈ ಸಂಗತಿಯನ್ನು ಮರೆಯುವುದು ನನ್ನಿಂದ ಆಗುವುದಿಲ್ಲ.

ಗ್ರಂಥಪಾಲಕಿ

ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳಾದ ನನಗೆ ಈ ಚರ್ಚೆ ಕೊನೆಯ ಭಾಗಕ್ಕೇ ಅಂಟಿಕೊಂಡಿರುವುದು ಸ್ವಲ್ಪ ಆಶ್ಚರ್ಯ ತರುತ್ತದೆ. ನನ್ನ ಅನುಭವದಲ್ಲಿ ಮಕ್ಕಳು ಈ ಪುಸ್ತಕವನ್ನು ಕೈಬಿಡುವುದು ಕೊನೆಯಲ್ಲಿ ಅಲ್ಲ, ಮೊದಲ ಅಧ್ಯಾಯದಲ್ಲಿ. ಕುಬ್ಜರು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಬಂದು, ಕೇಕು ಚಹಾಗಳನ್ನು ಖಾಲಿ ಮಾಡಿ, ಹಾಡು ಹೇಳಿ, ನಕ್ಷೆ ಬಿಡಿಸಿ ಮುಗಿಸುವಷ್ಟರಲ್ಲಿ, ಒಬ್ಬಂಟಿಯಾಗಿ ಓದುವ ಮಗುವಿನ ತಾಳ್ಮೆ ಮುಗಿದಿರುತ್ತದೆ. ಗಟ್ಟಿಯಾಗಿ ಓದಿದರೆ ಅದೇ ಅಧ್ಯಾಯದಲ್ಲಿ ಮಕ್ಕಳು ನಕ್ಕು ಹೊರಳಾಡುತ್ತಾರೆ, ಏಕೆಂದರೆ ಅದರ ವಾಕ್ಯಗಳು ಕಿವಿಗಾಗಿ ಬರೆದವು. ಟೋಲ್ಕಿನ್ ಈ ಕಥೆಯನ್ನು ತಮ್ಮ ಮಕ್ಕಳಿಗೆ ಮನೆಯಲ್ಲಿ ಹೇಳಿದ್ದರು.

ವಯಸ್ಸಿನ ಬಗ್ಗೆಯೂ ಒಂದು ಸ್ವಾರಸ್ಯದ ಸಂಗತಿಯಿದೆ. ಹಸ್ತಪ್ರತಿ ಪ್ರಕಾಶಕರಾದ ಸ್ಟ್ಯಾನ್ಲಿ ಅನ್ವಿನ್ ಅವರ ಕೈಸೇರಿದಾಗ ಅವರು ಅದನ್ನು ತಮ್ಮ ಹತ್ತು ವರ್ಷದ ಮಗ ರೇನರ್‌ನಿಗೆ ಓದಲು ಕೊಟ್ಟರು. ಅವನು 1936ರ ಅಕ್ಟೋಬರ್‌ನಲ್ಲಿ ಒಂದು ಪುಟ್ಟ ವರದಿ ಬರೆದು, ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳೆಲ್ಲರಿಗೂ ಹಿಡಿಸುತ್ತದೆ ಎಂದು ಶಿಫಾರಸು ಮಾಡಿ ಒಂದು ಶಿಲ್ಲಿಂಗ್ ಸಂಪಾದಿಸಿದ. ಪುಸ್ತಕ 1937ರ ಸೆಪ್ಟೆಂಬರ್ 21ರಂದು ಹೊರಬಂತು. ಹತ್ತು ವರ್ಷದವನು ತನಗಿಂತ ಚಿಕ್ಕವರಿಗೆ ಎಂದು ಹೇಳುವುದು ಎಲ್ಲ ಕಾಲದ ಮಕ್ಕಳ ಗತ್ತು. ಅದನ್ನು ನಂಬಿ ಐದು ವರ್ಷದ ಮಗುವಿಗೆ ಕೊಡಬೇಡಿ.

ನಿರೂಪಕನು ಮಕ್ಕಳ ತಲೆ ಸವರುವ ಧಾಟಿಯ ಬಗ್ಗೆ ಮಲೆನಾಡಿಗ ಅವರು ಹೇಳಿದ್ದು ನ್ಯಾಯವಾದದ್ದು. ಟೋಲ್ಕಿನ್ ಅವರೇ ಮುಂದೆ ತಮ್ಮ ಪತ್ರಗಳಲ್ಲಿ ಈ ಧಾಟಿಯ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದ್ದಾರೆ, ಮತ್ತು 1960ರಲ್ಲಿ ಇಡೀ ಕಾದಂಬರಿಯನ್ನು ಗಂಭೀರವಾದ ಶೈಲಿಯಲ್ಲಿ ತಿರುಗಿ ಬರೆಯಲು ತೊಡಗಿ, ಕೆಲವು ಅಧ್ಯಾಯಗಳ ಬಳಿಕ ಕೈಬಿಟ್ಟರು. ಕೈಬಿಟ್ಟದ್ದೇ ಒಳ್ಳೆಯದಾಯಿತೆಂದು ನನಗೆ ಅನಿಸುತ್ತದೆ.

ಕಾವೇರಿತೀರ ಅವರೇ, ಐದನೆಯ ಅಧ್ಯಾಯದ ಒಗಟುಗಳನ್ನು ನೀವು ಹೇಗೆ ನಡೆಸಿದಿರಿ? ಕತ್ತಲೆಯ ಸರೋವರದ ದಡದಲ್ಲಿ ಬಿಲ್ಬೋ ಮತ್ತು ಅಲ್ಲಿ ಒಂಟಿಯಾಗಿ ಬದುಕುವ ಗೊಲ್ಲಮ್ ಎಂಬ ಜೀವಿ ಒಗಟು ಹಾಕಿಕೊಳ್ಳುವಾಗ, ಕೀಲಿಯೂ ಮುಚ್ಚಳವೂ ಇಲ್ಲದ, ಒಳಗೆ ಹೊನ್ನಿರುವ ಪೆಟ್ಟಿಗೆಯ ಒಗಟೊಂದು ಬರುತ್ತದೆ. ನಾನು ಓದಿ ಹೇಳಿದಾಗ ಒಬ್ಬ ಹುಡುಗಿ ಥಟ್ಟನೆ, “ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ” ಎಂದು ಅಜ್ಜಿಯಿಂದ ಕಲಿತ ಒಗಟನ್ನು ಎದುರಿಟ್ಟಳು. ಎರಡಕ್ಕೂ ಮೊಟ್ಟೆಯೇ ಉತ್ತರ. ಆಮೇಲೆ ಆ ದಿನ ಕಾದಂಬರಿ ಮುಂದೆ ಸಾಗಲಿಲ್ಲ, ಗಂಟೆ ಹೊಡೆಯುವವರೆಗೂ ಒಗಟುಗಳೇ ನಡೆದವು. ಇನ್ನೊಂದು ಮಾತು: ಮೊದಲ ಮುದ್ರಣದಲ್ಲಿ ಗೊಲ್ಲಮ್ ಪಣವಾಗಿಟ್ಟದ್ದು ಅದೃಶ್ಯವಾಗಿಸುವ ಆ ಉಂಗುರವನ್ನೇ, ಅದು ಆಗಲೇ ಬಿಲ್ಬೋನ ಕೈಸೇರಿರುವುದರಿಂದ ಸೋತ ಮೇಲೆ ಸಿಗದೆ ಕ್ಷಮೆ ಕೇಳಿ ದಾರಿ ತೋರಿಸುತ್ತಾನೆ. ಈಗ ನಾವು ಓದುವ ಭಯಂಕರ ಗೊಲ್ಲಮ್ 1951ರ ಪರಿಷ್ಕೃತ ಆವೃತ್ತಿಯವನು. ದೊಡ್ಡ ಮಕ್ಕಳಿಗೆ ಎರಡನ್ನೂ ಹೇಳಿ, ಯಾವುದು ಮೇಲೆಂದು ಕೇಳಬಹುದು.

ಮರಳಿಮಲ್ಲಿಗೆ

ಕೊನೆಯ ಭಾಗದ ಬಗ್ಗೆ ನನಗೆ ದೂರಿಲ್ಲ. ನನ್ನ ಮಗಳು ಕೇಳಿದ ಪ್ರಶ್ನೆಗೆ ಮಾತ್ರ ನಾನು ಉತ್ತರಿಸಲಾರದೆ ಹೋದೆ: “ಇದರಲ್ಲಿ ಒಬ್ಬ ಹುಡುಗಿಯೂ ಯಾಕಿಲ್ಲ?” ಹತ್ತೊಂಬತ್ತು ಅಧ್ಯಾಯಗಳಲ್ಲಿ ಹೆಸರು ಪಡೆದ ಹೆಣ್ಣೆಂದರೆ ಬಿಲ್ಬೋನ ತಾಯಿ ಬೆಲಡೋನಾ ಟೂಕ್ ಒಬ್ಬಳೇ, ಅವಳೂ ಕಥೆ ಆರಂಭವಾಗುವ ಮುನ್ನವೇ ತೀರಿಕೊಂಡವಳು. ಮೂರು ಭಾಗಗಳ ಚಲನಚಿತ್ರಗಳಲ್ಲಿ ಟೌರಿಯೆಲ್ ಎಂಬ ಹೊಸ ಪಾತ್ರವನ್ನು ಸೇರಿಸಿದ್ದಕ್ಕೆ ಅನೇಕರು ಸಿಟ್ಟಾದರು, ಆದರೆ ಆ ಕೊರತೆ ನಿರ್ಮಾಪಕರ ಕಣ್ಣಿಗೂ ಬಿದ್ದಿತ್ತಲ್ಲವೇ? ಮಗಳು ಪುಸ್ತಕವನ್ನು ಎರಡು ಸಲ ಓದಿದ್ದಾಳೆ, ಅದು ಬೇರೆ ಮಾತು. ಆಟವಾಡುವಾಗ ಬಿಲ್ಬೋ ಅವಳೇ.

ಮಲೆನಾಡಿಗ

ಬಿಸಿಲನಾಡು ಅವರು ರತ್ನದ ಪ್ರಸಂಗವನ್ನು ನೆನಪಿಸಿದ್ದು ಒಳ್ಳೆಯದಾಯಿತು. ಆದರೆ ಅವರು ಅದನ್ನು ಸ್ವಲ್ಪ ಹೆಚ್ಚು ಶುಭ್ರವಾಗಿ ಹೇಳಿದ್ದಾರೆ. ಬಿಲ್ಬೋನ ಕರಾರುಪತ್ರದಲ್ಲಿ ಲಾಭದ ಹದಿನಾಲ್ಕರಲ್ಲಿ ಒಂದು ಪಾಲು ಅವನಿಗೆಂದು ಬರೆದಿರುತ್ತದೆ, ಆ ಆಧಾರದ ಮೇಲೆ ರತ್ನವನ್ನೇ ತನ್ನ ಪಾಲೆಂದು ಎಣಿಸಿಕೊಂಡೆ ಎಂದು ಅವನು ಸಮರ್ಥಿಸಿಕೊಳ್ಳುತ್ತಾನೆ. ಥೋರಿನ್ ಆ ರತ್ನವನ್ನು ಹುಡುಕುತ್ತಿರುವಾಗ ಅದನ್ನು ದಿನಗಟ್ಟಲೆ ಬಟ್ಟೆಗಂಟಿನಲ್ಲಿ ಬಚ್ಚಿಟ್ಟುಕೊಂಡವನು ಇವನೇ. ಅಲ್ಲದೆ ಆ ಸಂಧಾನದಿಂದ ಯುದ್ಧವೇನೂ ತಪ್ಪುವುದಿಲ್ಲ. ಥೋರಿನ್‌ನ ಬಂಧು ಡಾಯ್ನ್ ಐನೂರು ಕುಬ್ಜರೊಡನೆ ಬಂದು ನಿಂತಾಗ ಬಾಣಗಳು ಹಾರತೊಡಗಿರುತ್ತವೆ. ಎಲ್ಲರನ್ನೂ ಒಂದು ಪಕ್ಷಕ್ಕೆ ತರುವುದು ಗಾಬ್ಲಿನ್‌ಗಳ ದಾಳಿ. ಹಾಗಾಗಿ ನಾಯಕನ ದೊಡ್ಡ ಸಾಹಸವೂ ಕಥೆಯ ಗತಿಯನ್ನು ಬದಲಿಸುವುದಿಲ್ಲವೆಂಬ ನನ್ನ ಮಾತು ಹಾಗೆಯೇ ಉಳಿಯುತ್ತದೆ. ಸಾಯುವ ಹೊತ್ತಿನಲ್ಲಿ ಥೋರಿನ್ ತಾನಾಡಿದ ಕಟುಮಾತುಗಳನ್ನು ಹಿಂತೆಗೆದುಕೊಂಡು ಬಿಲ್ಬೋನಿಂದ ಗೆಳೆತನದಲ್ಲಿ ಬೀಳ್ಕೊಳ್ಳುವ ಪುಟ ಮಾತ್ರ ಇದಕ್ಕೆ ಅಪವಾದ. ಆ ಪುಟವನ್ನು ನಾನೂ ಗಟ್ಟಿಯಾಗಿ ಓದಲಾರೆ.

ಬಿಸಿಲನಾಡು

ಗತಿ ಬದಲಾಗದಿದ್ದರೂ ಮಾಡಬೇಕಾದುದನ್ನು ಮಾಡಿದ ಎಂಬುದೇ ನನಗೆ ಮುಖ್ಯ. ಬಚ್ಚಿಟ್ಟುಕೊಂಡದ್ದು ನಿಜ; ಅಷ್ಟು ಹೊತ್ತು ಅವನಿಗೂ ಆ ಹೊಳಪಿನ ಮೋಹ ತಗಲಿತ್ತು, ಆಮೇಲೆ ಕೈಯಿಂದ ಬಿಟ್ಟ. ಥೋರಿನ್‌ನಿಗೆ ಅದು ಸಾಧ್ಯವಾಗಲಿಲ್ಲ. ಕೊನೆಗೆ ಬಿಲ್ಬೋ ಮನೆಗೆ ಒಯ್ಯುವುದು ಒಂದು ಬೆಳ್ಳಿ ತುಂಬಿದ, ಒಂದು ಹೊನ್ನು ತುಂಬಿದ ಸಣ್ಣ ಪೆಟ್ಟಿಗೆಗಳನ್ನು ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತುಕೊಂಡು ಹೋಗುವ ದಾರಿಯುದ್ದಕ್ಕೂ ಜಗಳ ಕೊಲೆಗಳೇ ಆದಾವೆಂದು ಅವನಿಗೆ ಗೊತ್ತಿರುತ್ತದೆ.

ಕಾವೇರಿತೀರ

ಎಲ್ಲರಿಗೂ ಧನ್ಯವಾದಗಳು. ಗ್ರಂಥಪಾಲಕಿಯವರೇ, ಒಗಟಿನ ಅಧ್ಯಾಯದಲ್ಲಿ ನಮ್ಮ ಮಕ್ಕಳು ಸಿಕ್ಕಿಹಾಕಿಕೊಂಡದ್ದು “ನನ್ನ ಜೇಬಿನಲ್ಲಿ ಏನಿದೆ” ಎಂಬ ಬಿಲ್ಬೋನ ಕೊನೆಯ ಪ್ರಶ್ನೆಯಲ್ಲಿ. ಅದು ಒಗಟೇ ಅಲ್ಲ, ಬಿಲ್ಬೋ ಮೋಸ ಮಾಡಿದ ಎಂದು ಅರ್ಧ ಮಂದಿ ಗೊಲ್ಲಮ್‌ನ ಪಕ್ಷ ವಹಿಸಿದರು. ಮುಂದಿನ ಭಾನುವಾರ ಹನ್ನೆರಡು ಮತ್ತು ಹದಿನಾರನೆಯ ಅಧ್ಯಾಯಗಳನ್ನು ಮಾತ್ರ ಮತ್ತೆ ಓದಿಸಿ, ರತ್ನವನ್ನು ಕೊಡಲು ಬಿಲ್ಬೋನಿಗೆ ಹಕ್ಕಿತ್ತೇ ಎಂದು ಕರಾರುಪತ್ರವನ್ನು ಮುಂದಿಟ್ಟು ಕೇಳುವೆವು. ಪ್ರಶ್ನೆ ಕೇಳಿದ ಹುಡುಗ ಥೋರಿನ್‌ನ ವಕೀಲನಾಗುತ್ತೇನೆಂದು ಈಗಾಗಲೇ ಹೇಳಿದ್ದಾನೆ. ಬಿಲ್ಬೋನ ಪರವಾಗಿ ವಾದಿಸುವವರು ಇನ್ನೂ ಸಿಕ್ಕಿಲ್ಲ.