1 ಇನ್ 8.5 ಪಾಯಿಂಟ್: ಲೆಕ್ಕ ಸರಿ ಇದ್ದರೂ ಹಳಿ ಕೂಡುತ್ತಿಲ್ಲ

ಉಪ್ಪರಿಗೆ ಸ್ಟೇಷನ್ ಮಾಸ್ತರ, ಕಾರವಾರ

ನಮಸ್ಕಾರ. ಮನೆಯ ಉಪ್ಪರಿಗೆಯಲ್ಲಿ ಮಾದರಿ ರೈಲಿಗೆ ಒಂದು ಚಿಕ್ಕ ಯಾರ್ಡ್ ಮಾಡಲು ಕುಳಿತಿದ್ದೇನೆ. ಶಿರವಾಡದಲ್ಲಿರುವ ನಮ್ಮ ಸ್ಟೇಷನ್ ಥರವೇ ಕಾಣಬೇಕು ಎಂಬ ಆಸೆ, ಅಷ್ಟೇ. ಎಚ್‌ಒ ಸ್ಕೇಲ್, 1:87, ಹಳಿಯ ಗೇಜ್ (ಎರಡು ಹಳಿಗಳ ನಡುವಿನ ಅಂತರ) 16.5 ಮಿ.ಮೀ. ಅಂಗಡಿಯಲ್ಲಿ ಸಿಗುವ ಪಾಯಿಂಟ್‌ಗಳು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ತೀರಾ ಗಿಡ್ಡ, ನೋಡಿದರೆ ಆಟಿಕೆ ಅಂತ ಗೊತ್ತಾಗುತ್ತದೆ. ಅದಕ್ಕೆ ನಾನೇ ಮಾಡೋಣ ಎಂದು ಬ್ರಾಡ್‌ಗೇಜ್ 1 ಇನ್ 8.5ರ ಅಳತೆ ಹಿಡಿದು ಎಲ್ಲವನ್ನೂ 87ರಿಂದ ಭಾಗಿಸಿದೆ. ಟಂಗ್ ರೈಲ್ (ಪಕ್ಕಕ್ಕೆ ಸರಿದು ದಾರಿ ಬದಲಿಸುವ ಚೂಪು ಹಳಿ) 6400 ಮಿ.ಮೀ., ಭಾಗಿಸಿದರೆ 73.5. ತಿರುವಿನ ತ್ರಿಜ್ಯ 232.32 ಮೀಟರ್, ಅದು 2670 ಮಿ.ಮೀ. ಆಯಿತು. ಟೋ (ಟಂಗ್‌ನ ಚೂಪು ತುದಿ) ಹತ್ತಿರ ಟಂಗ್ ಸರಿಯುವ ದೂರ 115, ಅದು 1.3.

ಈಗ ಮೂರು ತಲೆನೋವು. ಒಂದು, ಕಾಗದದ ಮೇಲೆ ಬರೆದಾಗ ತಿರುವಿನ ಹಳಿ ಎದುರು ಹಳಿಯನ್ನು ದಾಟುವಲ್ಲಿ ಕೋನ 6°42' ಬರಬೇಕಿತ್ತು, ನನಗೆ ಬರುವುದು 6°25'. ನಾಲ್ಕು ಸಲ ಬರೆದೆ, ಪೆನ್ಸಿಲ್ ಚೂಪು ಮಾಡಿ ಬರೆದೆ, ಅದೇ ಕಥೆ. ಎರಡು, ಟಂಗ್‌ನ ಕೋನ 0°46'59" ಅಂತಿದೆ, ಇದಕ್ಕೂ 8.5ಕ್ಕೂ ಏನು ಸಂಬಂಧ ಅಂತಲೇ ತಿಳಿಯಲಿಲ್ಲ. ಮೂರು, ಪ್ರಯೋಗಕ್ಕೆ ಬರೀ ಸ್ವಿಚ್ ಭಾಗ (ಟಂಗ್‌ಗಳಿರುವ ಕಡೆ) ಬೆಸುಗೆ ಹಾಕಿ ವ್ಯಾಗನ್ ತಳ್ಳಿದರೆ ತೆರೆದ ಟಂಗ್‌ಗೆ ಚಕ್ರ ಟಿಕ್ ಟಿಕ್ ಅಂತ ತಾಗುತ್ತದೆ, ಎಂಜಿನ್ ಬಿಟ್ಟರೆ ಶಾರ್ಟ್ ಆಗಿ ನಿಲ್ಲುತ್ತದೆ. ಸ್ಕೇಲ್ ಪ್ರಕಾರ ಮಾಡಿದ್ದೇ ತಪ್ಪಾಯಿತಾ?

ಕುಮಟೆಯ ಕೀಮ್ಯಾನ್

ಮಾಸ್ತರೇ, ನಿಮ್ಮ ಭಾಗಾಕಾರ ಸರಿ. ಭಾಗಿಸಿದ ಸಂಖ್ಯೆ ತಪ್ಪು.

ಮೊದಲು ಎರಡನೇ ಪ್ರಶ್ನೆ, ಯಾಕೆಂದರೆ ಇದರಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. 1 ಇನ್ 8.5 ಅನ್ನುವುದು ಕ್ರಾಸಿಂಗ್‌ನ ಹೆಸರು, ಸ್ವಿಚ್‌ನದ್ದಲ್ಲ. ಎರಡು ಹಳಿ ಒಂದನ್ನೊಂದು ದಾಟುವಲ್ಲಿ 8.5 ಮುಂದೆ ಹೋದರೆ 1 ಪಕ್ಕಕ್ಕೆ ಸರಿದಿರುತ್ತದೆ, ಅದೇ 6°42'. ಸ್ವಿಚ್ ಬೇರೆಯದೇ ಸಾಮಾನು. ಟಂಗ್‌ನ ಚೂಪು ತುದಿ ಸ್ಟಾಕ್ ರೈಲಿಗೆ (ಪಕ್ಕದ ಅಲುಗದ ಹಳಿಗೆ) ಯಾವ ಕೋನದಲ್ಲಿ ಅಂಟುತ್ತದೆ ಎನ್ನುವುದು 0°46'59". ಆ ಸಣ್ಣ ಕೋನದಿಂದ ಹೊರಟು, ತಿರುಗುತ್ತಾ ತಿರುಗುತ್ತಾ, ಕ್ರಾಸಿಂಗ್‌ಗೆ ಬರುವಾಗ 6°42' ಆಗಬೇಕು. ನಡುವಿನ ತ್ರಿಜ್ಯ ಇವೆರಡನ್ನೂ ಜೋಡಿಸುವ ದಾರ. ಹಾಗಾಗಿ ಒಂದೇ ಕ್ರಾಸಿಂಗ್‌ಗೆ ಬೇರೆ ಬೇರೆ ಸ್ವಿಚ್ ಹಾಕಬಹುದು, ಹಾಕಿದರೆ ತ್ರಿಜ್ಯವೂ ಉದ್ದವೂ ಬದಲಾಗುತ್ತವೆ. ಹಳೆಯ ನೇರ ಟಂಗ್‌ಗಳಲ್ಲಿ ಪ್ರವೇಶದ ಕೋನ ಜಾಸ್ತಿ, ಲೂಪಿಗೆ (ಸ್ಟೇಷನ್ನಿನ ಪಕ್ಕದ ಹಳಿಗೆ) ತಿರುಗುವಾಗ ಬೋಗಿ ಒಮ್ಮೆ ಜಗ್ಗಿದಂತೆ ಆಗುತ್ತಿತ್ತು ನೋಡಿ, ಅದೇ.

ಈಗ ಒಂದನೇ ಪ್ರಶ್ನೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಬರಬೇಕು. ನಿಮ್ಮ ಹಳಿ 16.5. ಅದು 1435ರ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ, ನಮ್ಮದಲ್ಲ. ಅಂದರೆ ತ್ರಿಜ್ಯವನ್ನು ಒಂದು ಸ್ಕೇಲಿನಿಂದ ತಂದಿರಿ, ಗೇಜನ್ನು ಇನ್ನೊಂದರಿಂದ. ಗೇಜ್ ಕಿರಿದು ಆದದ್ದರಿಂದ ತಿರುವಿನ ಹಳಿ ಎದುರು ಹಳಿಯನ್ನು ಬೇಗ ಮುಟ್ಟುತ್ತದೆ, ಪೂರ್ತಿ ತಿರುಗುವುದರೊಳಗೇ ದಾಟಿಬಿಡುತ್ತದೆ. ನಿಮ್ಮ 6°25' ಅಂದರೆ ಸುಮಾರು 1 ಇನ್ 8.9. ಪೆನ್ಸಿಲ್‌ದೇನೂ ತಪ್ಪಿಲ್ಲ.

1676ನ್ನು 16.5ರಿಂದ ಭಾಗಿಸಿ, 101.6 ಬರುತ್ತದೆ. ಹಳಿಗೆ ಸಂಬಂಧಪಟ್ಟ ಉದ್ದಗಳನ್ನೆಲ್ಲ ಅದರಿಂದಲೇ ಭಾಗಿಸಿ. ಟಂಗ್ 63 ಮಿ.ಮೀ., ತ್ರಿಜ್ಯ 2287. ಕೋನಗಳನ್ನು ಮುಟ್ಟಬೇಡಿ, ಕೋನಕ್ಕೆ ಸ್ಕೇಲ್ ಇಲ್ಲ. ಟೋ ಇಂದ ಕ್ರಾಸಿಂಗ್ ಮೂತಿಯವರೆಗೆ 245ರ ಆಸುಪಾಸು ಬರುತ್ತದೆ, ಕ್ರಾಸಿಂಗ್ ಮುಂಚೆ 8–9 ಮಿ.ಮೀ. ನೇರ ತುಂಡೂ ಸಿಗುತ್ತದೆ. 1 ಇನ್ 12 ಮಾಡುವ ಹುಚ್ಚು ಬಂದರೆ ಹೇಳಿಬಿಡುತ್ತೇನೆ, ನಿಜದ 441.36 ಮೀಟರ್ ತ್ರಿಜ್ಯ ಮಾದರಿಯಲ್ಲೂ 4.3 ಮೀಟರ್. ಉಪ್ಪರಿಗೆ ಸಾಲುವುದಿಲ್ಲ, ಪಕ್ಕದ ಮನೆಯವರನ್ನೂ ಕೇಳಬೇಕು.

ಶಾರ್ಟ್ ವಿಷಯ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ.

ಶಿರಸಿ ಎಕ್ಸ್‌ಪ್ರೆಸ್

ರೈಲೇ ಇಲ್ಲದ ಊರಿನವನು ಪಾಯಿಂಟ್ ಬಗ್ಗೆ ಮಾತಾಡುತ್ತಾನೆ ಅಂತ ನಗಬೇಡಿ ಮಾರಾಯ್ರೆ, ನಮ್ಮಲ್ಲಿ ರೈಲು ಓಡುವುದು ಮನೆಯೊಳಗೆ ಮಾತ್ರ, ಅದಕ್ಕೇ ಜಾಸ್ತಿ ಓದಿದ್ದೇವೆ.

ಕೀಮ್ಯಾನ್ ಹೇಳಿದ 101.6 ಉದ್ದಕ್ಕೆ ಸರಿ, ಅಡ್ಡಕ್ಕೆ ನಡೆಯುವುದಿಲ್ಲ. ಯಾಕೆಂದರೆ ಮಾದರಿಯ ಚಕ್ರ ಸ್ಕೇಲ್ ಪ್ರಕಾರ ಇರುವುದಿಲ್ಲ, ಫ್ಲೇಂಜ್ (ಚಕ್ರದ ಒಳಬದಿಯ ಎದ್ದ ಅಂಚು) ದಪ್ಪ. ಹಾಗಾಗಿ ಟಂಗ್ ಎಷ್ಟು ಸರಿಯಬೇಕು ಎನ್ನುವುದನ್ನು ರೈಲ್ವೆ ನಕ್ಷೆಯಿಂದ ತೆಗೆಯಬೇಡಿ, ನಿಮ್ಮ ಚಕ್ರದಿಂದ ತೆಗೆಯಿರಿ. ವರ್ನಿಯರ್ ಹಿಡಿದು ಅಳೆಯಿರಿ. ನನ್ನ ವ್ಯಾಗನ್‌ಗಳಲ್ಲಿ ಎರಡು ಚಕ್ರಗಳ ಒಳಮೈ ನಡುವೆ 14.4, ಫ್ಲೇಂಜ್ 0.76. ಒಂದು ಚಕ್ರ ತನ್ನ ಹಳಿಗೆ ಒತ್ತಿಕೊಂಡು ಓಡುತ್ತಿದೆ ಅಂದುಕೊಳ್ಳಿ. ಆ ಹಳಿಯಿಂದ ಎದುರು ಚಕ್ರದ ಒಳಮೈಗೆ 0.76 ಮತ್ತು 14.4 ಸೇರಿ 15.16. ಗೇಜ್ 16.5ರಲ್ಲಿ ಕಳೆದರೆ 1.34 ಉಳಿಯಿತು. ತೆರೆದ ಟಂಗ್‌ಗೂ ಸ್ಟಾಕ್ ರೈಲಿಗೂ ನಡುವೆ ಎಲ್ಲೆಲ್ಲೂ 1.34ಕ್ಕಿಂತ ಹೆಚ್ಚು ಜಾಗ ಬೇಕು. ನೀವು ಕೊಟ್ಟದ್ದು 1.3, ಅದೂ ತುದಿಯಲ್ಲಿ ಮಾತ್ರ.

ತಾಗುವುದು ತುದಿಯಲ್ಲಿ ಅಲ್ಲವೇ ಅಲ್ಲ. ಟಂಗ್‌ನ ಅರೆದ ಭಾಗ ಮುಗಿದು ಹಳಿಯ ಪೂರ್ತಿ ತಲೆ ಶುರುವಾಗುವ ಜಾಗವಿದೆಯಲ್ಲ, ಜೆಒಎಚ್ ಅನ್ನುತ್ತಾರೆ, ಅಲ್ಲಿ. ಹಳಿಯ ತಲೆ 0.9 ಮಿ.ಮೀ. ಅಂದುಕೊಂಡರೆ ಟೋ ಇಂದ ಸುಮಾರು 40 ಮಿ.ಮೀ. ದೂರ. ನಿಮ್ಮ ಟಂಗ್ 73.5ರಲ್ಲಿ ಕೀಲು ಹಾಕಿ ತಿರುಗುವುದಾದರೆ, ತುದಿ 1.3 ಸರಿದಾಗ ಈ ಜಾಗ ಸರಿಯುವುದು 0.6 ಅಷ್ಟೇ. ಚಕ್ರ ತಾಗದೆ ಇನ್ನೇನಾಗುತ್ತದೆ? ನಿಜ ರೈಲ್ವೆಯವರೂ ಇದನ್ನು ಬೇರೆಯಾಗಿಯೇ ಅಳೆಯುತ್ತಾರೆ, ಟೋ ಹತ್ತಿರ 115 ಇದ್ದರೆ ಸಾಲದು, ಜೆಒಎಚ್ ಹತ್ತಿರ ಕನಿಷ್ಠ 60 ಇರಬೇಕು.

ಹಾಗಾಗಿ 63ಕ್ಕೆ ಕೀಲು ಹಾಕುವುದು ಬಿಡಿ. ನಾನು ಹಳಿಯನ್ನು ಕತ್ತರಿಸದೆ 110 ಮಿ.ಮೀ.ವರೆಗೂ ಸಡಿಲ ಬಿಟ್ಟು, ಅಲ್ಲಿ ಕೀಲು ಕೊಡುತ್ತೇನೆ, ತುದಿ 2.2 ಸರಿಯುವಂತೆ. 40 ಮಿ.ಮೀ.ನಲ್ಲಿ ಆಗ 1.4 ಸಿಗುತ್ತದೆ. ಕಣ್ಣಿಗೆ ಬೇಕಾದರೆ 63ರ ಹತ್ತಿರ ಸುಳ್ಳು ಹೀಲ್ ಬ್ಲಾಕ್ (ಟಂಗ್‌ನ ಬುಡ ಹಿಡಿಯುವ ತುಂಡು) ಅಂಟಿಸಿ, ಯಾರಿಗೂ ಗೊತ್ತಾಗುವುದಿಲ್ಲ. ಒಂದು ಎಚ್ಚರ: ಕೀಲಿನ ಬದಲು ಹಳಿಯನ್ನೇ ಬಗ್ಗಿಸಿ ಸರಿಸುವುದಾದರೆ ನಡುಭಾಗ ಇನ್ನೂ ಕಡಿಮೆ ಸರಿಯುತ್ತದೆ, ತುದಿಗೆ 3 ಮಿ.ಮೀ. ಬೇಕಾದೀತು.

ಶಾರ್ಟ್‌ಗೆ ಇನ್ನೊಂದು ಮದ್ದು. ಪ್ರತಿ ಟಂಗನ್ನೂ ತನ್ನ ಪಕ್ಕದ ಸ್ಟಾಕ್ ರೈಲಿಗೆ ತಂತಿಯಿಂದ ಜೋಡಿಸಿ, ಕ್ರಾಸಿಂಗ್ ಮುಂಚೆ ಹಳಿಯಲ್ಲಿ ಸೀಳು ಕೊಡಿ. ಆಗ ತಾಗಿದರೂ ಎರಡೂ ಒಂದೇ ಕರೆಂಟ್, ಕಿಡಿ ಬರುವುದಿಲ್ಲ. ಆದರೆ ಇದನ್ನು ಮಾಡಿ ಜಾಗದ ಲೆಕ್ಕ ಬಿಡಬೇಡಿ, ತಾಗುವ ಚಕ್ರ ಒಂದಲ್ಲ ಒಂದು ದಿನ ಹಳಿ ಹತ್ತುತ್ತದೆ.

ಹೊನ್ನಾವರ ಲೂಪ್‌ಲೈನ್

ಇಷ್ಟೆಲ್ಲ ಕೈಯಲ್ಲಿ ಬರೆಯುವ ಬದಲು ಕಂಪ್ಯೂಟರ್‌ಗೆ ಟೆಂಪ್ಲಾಟ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ, ಗೇಜ್, ಸ್ವಿಚ್, ಕ್ರಾಸಿಂಗ್ ಕೊಟ್ಟರೆ ಪೂರ್ತಿ ಅಳತೆಯ ನಕ್ಷೆ ಪ್ರಿಂಟ್ ಆಗುತ್ತದೆ. ಮತ್ತೆ ಕರಾವಳಿಯವರಿಗೆ ಒಂದು ಮಾತು, ಸ್ಟೀಲ್ ಹಳಿ ಬೇಡ, ನಿಕ್ಕಲ್ ಸಿಲ್ವರ್ ತನ್ನಿ. ಮರದ ಸ್ಲೀಪರ್ ಮಳೆಗಾಲದಲ್ಲಿ ಉಬ್ಬಿ ನನ್ನ ಗೇಜ್ ಎರಡು ಸಲ ಕೆಟ್ಟಿದೆ. ತಾಮ್ರ ಹಾಳೆಯ ಸರ್ಕ್ಯೂಟ್ ಬೋರ್ಡನ್ನು ಪಟ್ಟಿ ಕತ್ತರಿಸಿ ಅದಕ್ಕೇ ಬೆಸುಗೆ ಹಾಕಿ, ನಡುವೆ ತಾಮ್ರ ಗೀರಿ ಬೇರ್ಪಡಿಸುವುದು ಮರೆಯಬೇಡಿ.

ಉಪ್ಪರಿಗೆ ಸ್ಟೇಷನ್ ಮಾಸ್ತರ, ಕಾರವಾರ

101.6ರಿಂದ ಮತ್ತೆ ಬರೆದೆ, ಕೋನ ಕೂಡಿತು! ಹತ್ತು ದಿನ ಸುಮ್ನೆ ಮಳ್ಳು ಹಿಡಿಸಿಕೊಂಡಿದ್ದೆ. ನನ್ನ ಚಕ್ರ ಅಳೆದೆ, ಒಳಮೈ ನಡುವೆ ಒಂದರಲ್ಲಿ 14.4, ಇನ್ನೊಂದು ಹಳೇ ಬೋಗಿಯಲ್ಲಿ 14.1. ಶಿರಸಿಯವರ ಲೆಕ್ಕದಲ್ಲಿ ಇಟ್ಟರೆ ಹಳೇದಕ್ಕೆ 1.64 ಬೇಕು. ಪಾಯಿಂಟನ್ನು ಅದಕ್ಕೆ ಹೊಂದಿಸಲಾ, ಬೋಗಿಯ ಚಕ್ರ ಬದಲಿಸಲಾ?

ಶಿರಸಿ ಎಕ್ಸ್‌ಪ್ರೆಸ್

ಚಕ್ರ ಬದಲಿಸಿ. ಇಲ್ಲವೇ ಆಕ್ಸಲ್ ಮೇಲೆ ಮೆಲ್ಲಗೆ ತಿರುವುತ್ತಾ ಹೊರಕ್ಕೆ ಎಳೆದು 14.4ಕ್ಕೆ ತನ್ನಿ, ಎರಡೂ ಕಡೆ ಸಮ ಇರಲಿ. ಪಾಯಿಂಟ್ ಒಂದಿರುತ್ತದೆ, ಬೋಗಿ ಇನ್ನೂ ಹತ್ತು ಬರುತ್ತವೆ ಅಲ್ವಾ.